ಊಟದ ನಿಮಿತ್ತ ರಜೆ

ಮನುಷ್ಯನು ತಾನು ನಂಬಿದ ಸತ್ಯಕ್ಕಾಗಿ ಪ್ರಾಣವನ್ನು ಬೇಕಾದರೂ ಕೊಡಬಲ್ಲನು. ತನ್ನ ಊಟದ ಎಲೆಯಲ್ಲಿ ಹೊಸದೊಂದು ಪಲ್ಯಕ್ಕೆ ಜಾಗ ಮಾತ್ರ ಕೊಡಲಾರನು. ಈ ಎರಡನೆಯ ಸಂಗತಿಯನ್ನು ನಾನು ಗ್ರಂಥ ಓದಿ ತಿಳಿದದ್ದಲ್ಲ. ಮಧುಗಿರಿಯ ಬಿ.ಡಿ.ಓ. ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ, ನನ್ನ ಎದುರು ಮೇಜಿನಲ್ಲಿ ಆರು ವರ್ಷ ಕುಳಿತಿದ್ದ ಒಬ್ಬ ಗ್ರಾಮಸೇವಕರಿಂದ ತಿಳಿದದ್ದು. ಕುಳಿತಿದ್ದರು ಎನ್ನುವುದು ಹಾಜರಿ ಪುಸ್ತಕದ ಮಾತು. ವಾಸ್ತವವಾಗಿ ಅವರು ಆ ಕುರ್ಚಿಯ ಮೇಲೆ ತಮ್ಮ ಛತ್ರಿಯನ್ನು ಕೂರಿಸಿ, ತಾವು ಸೈಕಲ್ಲಿನ ಮೇಲೆ ಊರೂರು ತಿರುಗುತ್ತಿದ್ದರು. ಛತ್ರಿ ಕುರ್ಚಿಯಲ್ಲಿದ್ದರೆ ಅವರು ಆಫೀಸಿನಲ್ಲಿದ್ದಾರೆ ಎಂದು ನಾವೂ ಒಪ್ಪಿಕೊಂಡಿದ್ದೆವು.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಶ್ರೀಮತಿಯವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಈ ಕತೆಯಲ್ಲಿ ಆಕೆಯದೇನೂ ತಪ್ಪಿಲ್ಲ. ತಪ್ಪು ಯಾರದ್ದು ಎಂದು ಯೋಚಿಸಿದಾಗಲೆಲ್ಲ ನನಗೆ ನನ್ನ ಹೆಸರೇ ಹೊಳೆಯುವುದರಿಂದ ಅದನ್ನೂ ಬರೆಯುವುದಿಲ್ಲ.

ಸಣಕಲು ಮನುಷ್ಯ. ಬಿಳಿ ಷರಾಯಿಯ ಬಲಗಾಲಿನ ತುದಿಯಲ್ಲಿ ಸೈಕಲ್ ಸರಪಣಿಯ ಕಪ್ಪು, ಹಣೆಯಲ್ಲಿ ಬೆಳಗ್ಗೆ ಇಟ್ಟ ಗಂಧ ಸಂಜೆಯವರೆಗೂ. ಏನನ್ನು ಕೈಗೆ ತೆಗೆದುಕೊಂಡರೂ ಮೊದಲು ಮೂಸುತ್ತಿದ್ದರು. ಹುಲ್ಲು, ಮಣ್ಣು, ಗೊಬ್ಬರವಾದರೆ ಸರಿ. ಒಮ್ಮೆ ನಾನು ಟೈಪು ಮಾಡಿ ಸಹಿಗೆ ಕೊಟ್ಟ ವರದಿಯನ್ನೂ ಮೂಸಿದರು.

"ಏನು ವಾಸನೆ ಬಂತು ಸಾರ್?" ಎಂದೆ.

"ಏನೂ ಬರಲಿಲ್ಲ. ಅಂದ ಮೇಲೆ ಸರಿಯಾಗೇ ಇದೆ" ಎಂದು ಸಹಿ ಹಾಕಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮೇಲಿನಿಂದ ತರಬೇತಿಗಳ ಪಟ್ಟಿ ಬಂದಾಗ ಪಂಪ್‌ಸೆಟ್ಟಿಗೆ, ರಸಗೊಬ್ಬರಕ್ಕೆ, ಟ್ರ್ಯಾಕ್ಟರಿಗೆ ಕೈಗಳು ಎದ್ದವು. ಕೊನೆಗೆ ಅಣಬೆ ಒಂದು ಉಳಿಯಿತು. ಇವರು ಆ ದಿನ ಜ್ವರ ಬಂದು ಮನೆಯಲ್ಲಿದ್ದರು. ಉಳಿದದ್ದನ್ನು ಗೈರುಹಾಜರಾದವರಿಗೆ ಕೊಡುವುದು ಎಲ್ಲ ಆಫೀಸುಗಳ ಸನಾತನ ಧರ್ಮ. ಹಾಗೆ, ಈರುಳ್ಳಿಯು ಹಿತ್ತಲ ಬಾಗಿಲು ದಾಟಿ ಒಳಕ್ಕೆ ಬರದ ಮಡಿವಂತ ಮನೆತನದ ಮನುಷ್ಯ ಬೆಂಗಳೂರಿಗೆ ಹೋಗಿ ಎರಡು ವಾರ ಅಣಬೆ ಬೇಸಾಯ ಕಲಿತು ಬಂದರು. ಶಾಸ್ತ್ರದಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಪಂಕ್ತಿಯಲ್ಲೇ ಅಣಬೆಯನ್ನೂ ಕೂರಿಸಿದ್ದಾರೆ ಎಂದು ಅವರೇ ನನಗೆ ಹೇಳಿದರು.

ಹೋಗುವಾಗ ಶಿಕ್ಷೆಗೆ ಹೋದವರ ಹಾಗೆ ಹೋಗಿದ್ದರು. ಬರುವಾಗ ಬೇರೆ ಮನುಷ್ಯ.

"ರಾಗಿಹುಲ್ಲು, ಒಂದು ಚೀಲ, ಸ್ವಲ್ಪ ನೆರಳು, ದಿನಕ್ಕೆ ಒಂದು ಚೊಂಬು ನೀರು. ಅಷ್ಟೇ ಕಣ್ರೀ. ಹೊಲ ಬೇಡ, ಬಾವಿ ಬೇಡ, ಆಕಾಶ ನೋಡೋದು ಬೇಡ. ಬೆಳೆ ಬಂದ ಮೇಲೆ ಅದೇ ಹುಲ್ಲು ಮತ್ತೆ ದನಕ್ಕೆ. ಈ ಸೀಮೆಗೆ ಇದಕ್ಕಿಂತ ಹೊಂದೋ ಬೆಳೆ ಇನ್ನೊಂದಿಲ್ಲ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಹೇಳುತ್ತ ಹೇಳುತ್ತ ದನಿ ತಗ್ಗುತ್ತಿತ್ತು. "ಹಟ್ಟಿಗಳಲ್ಲಿ ನೋಡಿದೀರಾ? ನೂರು ಕುರಿ ಇರೋ ಮನೇಲಿ ಮುದ್ದೆಗೆ ಉಪ್ಪು ಮೆಣಸಿನಕಾಯಿ ನೀರು. ಕುರಿ ಇರೋದು ಮಾರೋಕೆ, ತಿನ್ನೋಕಲ್ಲ. ಬಾಣಂತಿಯರ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಸುಣ್ಣ ಬಳಿದ ಹಾಗಿರುತ್ತೆ."

ಅಣಬೆಯ ಬೀಜ ಬರುವುದು ಬಾಟಲಿಯಲ್ಲಿ. ಬೇಯಿಸಿದ ಜೋಳದ ಕಾಳಿನ ಮೇಲೆ ಬಿಳಿಯ ಬಲೆಯಂತೆ ಹಬ್ಬಿಸಿ, ಬಾಯಿಗೆ ಹತ್ತಿ ತುರುಕಿರುತ್ತಾರೆ. ಮೊದಲ ಸಲ ನಾಲ್ಕು ಬಾಟಲಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿನಿಂದ ಬಸ್ಸು ಹತ್ತಿದರು. ನಾನೂ ಜೊತೆಗಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರೀ ಅದು ಬಾಟ್ಲಿ?"

"ಬೀಜ."

"ಯಾತರ ಬೀಜ?"

"ಅಣಬೆ ಬೀಜ."

"ಅಣಬೆಗೆ ಬೀಜ ಎಲ್ಲೈತ್ರೀ? ಗುಡುಗಿಗೆ ಹುಟ್ಟೋದು ಅದು!"

ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಗುಡುಗನ್ನೇ ಬಾಟ್ಲಿಗೆ ತುಂಬ್ಕೊಂಡು ಹೋಗ್ತಾವ್ರೆ ಬುಡಣ್ಣೋ! ಮುಚ್ಚಳ ತೆಗೀಬ್ಯಾಡಿ ಅನ್ನು, ಬಸ್ ಸಿಡಿದೋದಾತು!"

ಕೊರಟಗೆರೆ ಬರುವವರೆಗೂ ಬಸ್ಸು ನಗುತ್ತಿತ್ತು. ಇವರೂ ನಕ್ಕರು. ನಗುವಾಗಲೂ ಎರಡು ಕೈ ಬಾಟಲಿಗಳ ಮೇಲೆಯೇ ಇದ್ದವು.

ಆಫೀಸಿನ ಹಿಂದೆ ಹೆಂಚು ಜಾರಿದ್ದ ಹಳೆಯ ಬೀಜದ ಕೋಣೆಯೊಂದಿತ್ತು. ಅಲ್ಲಿ ಗೋಣಿತಟ್ಟುಗಳನ್ನು ನೆನೆಸಿ ಕಿಟಕಿಗೆ ಕಟ್ಟಿದರು. ಹುಲ್ಲು ಕತ್ತರಿಸಿ, ಕುದಿಸಿ, ಬಸಿದು, ಬೀಜ ಉದುರಿಸಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ತೊಲೆಗೆ ನೇತುಹಾಕಿದರು. ಮೂರು ವಾರ ಕಳೆಯಿತು. ಚೀಲದೊಳಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಬಿಚ್ಚುವಾಗ ಅವರ ಕೈ ನಿಧಾನವಾಗುತ್ತಿತ್ತು, ಮಲಗಿದ ಮಗುವಿನ ಹೊದಿಕೆ ಸರಿಸುವವರ ಹಾಗೆ. ಅವರಿಗೆ ಮಕ್ಕಳಿರಲಿಲ್ಲ. ಹೋಲಿಕೆ ನನ್ನದು, ಅವರದಲ್ಲ.

ಮೊದಲ ಬೆಳೆಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಬಿ.ಡಿ.ಓ. ಸಾಹೇಬರಿಗೆ ಅರ್ಪಿಸಿದರು. ಸಾಹೇಬರು ಅದನ್ನು ಬಹಳವಾಗಿ ಶ್ಲಾಘಿಸಿ ಮ್ಯಾನೇಜರಿಗೆ ಕೊಟ್ಟರು. ಮ್ಯಾನೇಜರ್ ಇನ್ನೂ ಹೆಚ್ಚು ಶ್ಲಾಘಿಸಿ ನನಗೆ ಕೊಟ್ಟರು. ಜವಾನ ಅಂದು ರಜೆಯಲ್ಲಿದ್ದ. ಹೀಗಾಗಿ ನಾನು ತಿಂದೆ. ಬಾಡಿಗೆ ಕೋಣೆಯ ಸೀಮೆಎಣ್ಣೆ ಸ್ಟೌವಿನ ಮೇಲೆ ಈರುಳ್ಳಿ ಹಾಕಿ ಹುರಿದುಕೊಂಡೆ. ಚೆನ್ನಾಗಿತ್ತು.

ಮರುದಿನ ನಾನು ಬಾಗಿಲೊಳಗೆ ಕಾಲಿಡುವ ಮೊದಲೇ ವಿಚಾರಣೆ ಶುರುವಾಯಿತು.

"ಹೇಗಿತ್ತು?"

"ಚೆನ್ನಾಗಿತ್ತು ಸಾರ್."

"ಚೆನ್ನಾಗಿತ್ತು ಅಂದ್ರೆ? ಮೆತ್ತಗಿತ್ತಾ? ಅಗಿಯೋಕೆ ಸಿಗ್ತಾ? ಬದನೆಕಾಯಿ ಹಾಗಾ, ಇನ್ನೊಂದರ ಹಾಗಾ? ವಿವರವಾಗಿ ಹೇಳಿ."

"ನೀವು ತಿಂದಿಲ್ವಾ ಸಾರ್?"

ಅವರು ಛತ್ರಿಯನ್ನು ಕುರ್ಚಿಯಿಂದ ತೆಗೆದು ಮತ್ತೆ ಅಲ್ಲೇ ಇಟ್ಟರು. "ಮನೇಲಿ ಮಾತು ಕೊಟ್ಟಿದೀನಿ" ಎಂದರು.

ನೌಕರಿಗೆ ಸೇರಿದ ವರ್ಷ, ಗಂಡ ಗೊಬ್ಬರದ ಗುಂಡಿಗೆ ಕೈ ಹಾಕುತ್ತಾನೆ, ಕಂಡವರ ಕೊಟ್ಟಿಗೆಯಲ್ಲಿ ಕೂರುತ್ತಾನೆ ಎಂದು ಗೊತ್ತಾದಾಗ ಆ ತಾಯಿ ಹೇಳಿದ್ದರಂತೆ: "ಹೊರಗೆ ಏನು ಬೇಕಾದ್ರೂ ಮುಟ್ಟಿ, ಬಂದು ಸ್ನಾನ ಮಾಡಿ. ಬಾಯಿಗೆ ಮಾತ್ರ ಮನೇದು." ಇವರು ಆಗಲಿ ಎಂದಿದ್ದರು. ಇಪ್ಪತ್ತು ವರ್ಷದಿಂದ ಹೋಟೆಲಿನ ಕಾಫಿಯನ್ನು ಸಹ ಕುಡಿದವರಲ್ಲ. ತರಬೇತಿಗೆ ಹೋದ ಎರಡು ವಾರವೂ ತಾವೇ ಬೇಯಿಸಿಕೊಂಡು ತಿಂದಿದ್ದರು.

ಸುತ್ತ ನಾಲ್ಕು ತಾಲ್ಲೂಕಿಗೆ ಅಣಬೆ ಕಲಿತವರು ಇವರೊಬ್ಬರೇ ಆದ್ದರಿಂದ ಮಧುಗಿರಿಯ ಜೊತೆಗೆ ಕೊರಟಗೆರೆ, ಶಿರಾ, ಪಾವಗಡಗಳೂ ಅವರ ಅಣಬೆ ಸಾಮ್ರಾಜ್ಯಕ್ಕೆ ಸೇರಿದವು. ಸೈನ್ಯ ಎಂದರೆ ಒಂದು ಸೈಕಲ್ಲು. ಶಿರಾದಿಂದ ಬುಕ್ಕಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ಸುತ್ತಲೂ ಮುಳ್ಳುಬೇಲಿ ಕಟ್ಟಿಕೊಂಡ ಕುರಿಗಾಹಿಗಳ ಒಂದು ಹಟ್ಟಿಯಿತ್ತು. ಇಪ್ಪತ್ತು ಮನೆ. ಮೊದಲ ಪ್ರಾತ್ಯಕ್ಷಿಕೆಗೆ ಅದನ್ನು ಆರಿಸಿಕೊಂಡರು. ಹಾಜರಾತಿ ಬರೆಯಲು ನಾನು ಹೋದೆ.

ಚೀಲ ತೋರಿಸಿದ್ದಾಯಿತು, ಕಿತ್ತ ಅಣಬೆ ತೋರಿಸಿದ್ದಾಯಿತು. ಆಮೇಲೆ ಸರ್ಕಾರದ ಕರಪತ್ರ ತೆಗೆದು ಓದಿದರು: "ಅಣಬೆಯು ಮಾಂಸದಷ್ಟೇ ರುಚಿಕರ, ಮಾಂಸದಷ್ಟೇ ಪುಷ್ಟಿದಾಯಕ."

ಹಟ್ಟಿಯ ಯಜಮಾನ ತಲೆ ಎತ್ತಿದ. "ಬಾಡಿನಂಗೇ ಇರ್ತೈತಾ ಸಾಮಿ?"

"ಹಾಗೇ ಇರುತ್ತೆ."

"ಅಂಗಾರೆ ಸ್ವಾಮಾರ ಮಾಡಂಗಿಲ್ಲ. ದ್ಯಾವರ ವಾರ."

"ಶನಿವಾರಾನೂ ಇಲ್ಲ" ಎಂದ ಪಕ್ಕದವನು.

"ಸ್ರಾವಣ ತುಂಬಾ ಇಲ್ಲ" ಎಂದಳು ಬಾಗಿಲಲ್ಲಿ ನಿಂತವಳು.

ಇವರಿಗೆ ಗಾಬರಿಯಾಯಿತು. "ಇಲ್ಲ ಇಲ್ಲ, ಇದು ಮಾಂಸ ಅಲ್ಲ. ಸೊಪ್ಪು ತರಕಾರಿ ಇದ್ದ ಹಾಗೆ."

"ಸೊಪ್ಪಿನಂಗಿದ್ರೆ ಸೊಪ್ಪೇ ಬ್ಯಾಲೀಲಿ ಐತಲ್ಲ ಸಾಮಿ. ಅದಕ್ಯಾಕೆ ಚೀಲ ನೇತಾಕ್ಬೇಕು?"

ಬಾಡು ತಿನ್ನಬಹುದಾದ ದಿನ ಬಂದರೆ ಬಾಡನ್ನೇ ತಿನ್ನುವುದು. ತಿನ್ನಬಾರದ ದಿನ ಬಾಡಿನಂಥದ್ದನ್ನೂ ತಿನ್ನಬಾರದು. ಹೀಗೆ ಒಂದೇ ಒಂದು ವಾಕ್ಯವನ್ನು ಓದಿ ಇವರು ಅಣಬೆಯನ್ನು ವಾರದ ಏಳು ದಿನಗಳಿಂದಲೂ ಹೊರಗೆ ಹಾಕಿದ್ದರು.

ಗೋಡೆಗೆ ಒರಗಿ ಉಣ್ಣೆ ನೂಲುತ್ತಿದ್ದ ಒಬ್ಬಳು ಮುದುಕಿ, ಯಜಮಾನನ ತಾಯಿ, ನೂಲುವುದು ನಿಲ್ಲಿಸಿದಳು. ಹಟ್ಟಿಯಲ್ಲಿ ಎಲ್ಲರೂ ಅವಳನ್ನು ಅಜ್ಜಿ ಎನ್ನುತ್ತಿದ್ದರು. ಅವಳ ಮಾತು ಮುಗಿದ ಮೇಲೆ ಮಗ ಮಾತಾಡುತ್ತಿರಲಿಲ್ಲ.

"ಸಾಮಿ, ಬಾಡಿನಂಗೈತೆ ಅಂತೀಯಲ್ಲ, ಬಾಡಿನ ರುಚಿ ನಿಂಗೆಂಗೆ ಗೊತ್ತು?"

"ನನಗೆ ಗೊತ್ತಿಲ್ಲಮ್ಮ. ಕಾಗದದಲ್ಲಿ ಬರೆದಿದ್ದಾರೆ."

"ಓಗ್ಲಿ ಬುಡು. ಈ ಅಣಬೆ ರುಚಿನಾದ್ರೂ ಗೊತ್ತಾ?"

ಸುಳ್ಳು ಹೇಳಲು ಅದು ಪ್ರಶಸ್ತವಾದ ಸಮಯವಾಗಿತ್ತು. ಅವರು ಕರಪತ್ರವನ್ನು ಮಡಿಸಿದರು. "ಇಲ್ಲ" ಎಂದರು.

ಹಟ್ಟಿಗೆ ಹಟ್ಟಿಯೇ ನಕ್ಕಿತು. ಅಜ್ಜಿ ನಗಲಿಲ್ಲ.

"ನಗಬ್ಯಾಡ್ರಲಾ. ತಿಂದೀನಿ ಅಂತ ಅಂದಿದ್ರೆ ನಿಮಗೇನ್ ಗೊತ್ತಾಗ್ತಿತ್ತು? ಇವನು ಅನ್ನಲಿಲ್ಲ." ಇವರ ಕಡೆ ತಿರುಗಿದಳು. "ಮಳೆ ಉಯ್ದಾಗ ಉತ್ತದ ತಾವ ಏಳ್ತಾವಲ್ಲ, ಆ ಅಣಬೆ ನಾವೂ ತಿಂತೀವಿ ಕಣಪ್ಪ. ಅದನ್ನ ನಮ್ಮಜ್ಜಿ ತಿಂದು ಬದುಕಿದ್ಲು, ನೋಡಿದೀನಿ. ಇದನ್ನ ತಿಂದು ಬದುಕಿರೋರ್ನ ಒಬ್ಬರ್ನ ತೋರ್ಸು."

ಇವರು ನನ್ನನ್ನು ತೋರಿಸಿದರು.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಈ ಕಡ್ಡೀನಾ? ಇವನು ಬದುಕವ್ನೆ ಅನ್ನಾದೇ ಅನುಮಾನ. ನೀನು ಉಣ್ಣು ಸಾಮಿ. ನೀನುಂಡ ದಿನ ನಾವೂ ಉಣ್ತೀವಿ. ನೀ ಬುಟ್ಟ ದಿನ ನಾವೂ ಬುಡ್ತೀವಿ. ಇಷ್ಟೇಯ."

ಆ ಹಟ್ಟಿಯಲ್ಲಿ ಆದರೆ ಮಾತ್ರ ಉಳಿದ ಹಟ್ಟಿಗಳಲ್ಲಿ ಆಗುತ್ತದೆ, ಅಲ್ಲಿ ಆಗದಿದ್ದರೆ ಎಲ್ಲೂ ಇಲ್ಲ ಎಂಬುದು ಹಿಂದಿರುಗುವಾಗ ನಮ್ಮಿಬ್ಬರಿಗೂ ಗೊತ್ತಿತ್ತು. ಅವರ ಒಂದು ಕಡೆಗೆ ಹಟ್ಟಿಯ ಒಲೆ ಇತ್ತು. ಇನ್ನೊಂದು ಕಡೆಗೆ ಮನೆಯಲ್ಲಿ ಕೊಟ್ಟ ಮಾತು.

ಚೀಲಗಳನ್ನು ಕೊಳ್ಳುತ್ತಿದ್ದುದು ಶಿರಾದ ಪೇಟೆಯಲ್ಲಿ ಒಬ್ಬ ಸಾಬರ ಅಂಗಡಿಯಲ್ಲಿ. ಅವರ ಮುಂದೆ ಈ ಸಂಕಟ ತೋಡಿಕೊಂಡಾಗ ಸಾಬರು ಹೇಳಿದರು: "ನೋಡಿ ಸಾರ್, ನೀವು ಖುದ್ದು ತಿನ್ನಲ್ಲ, ದುನಿಯಾಕ್ಕೆಲ್ಲ ತಿನ್ನಿ ಅಂತೀರಿ. ನಾನು ಈ ಚೀಲ ಹರಿಯಲ್ಲ ಅಂತ ನಿಮ್ಮ ಎದುರಿಗೆ ಎಳೆದು ತೋರಿಸದಿದ್ರೆ ನೀವು ತಗೋತೀರಾ?" ಎಂದು ಒಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಅದು ಹರಿಯಿತು. "ಯೇ ದೂಸ್ರಾ ಮಾಲ್ ಹೈ, ಇದು ಬೇರೆ ಸರಕು" ಎಂದು ಬದಿಗಿಟ್ಟರು. ಆ ಉಪದೇಶ ಮಾತ್ರ ಇವರ ತಲೆಯಲ್ಲಿ ಹರಿಯದೆ ಉಳಿಯಿತು.

ಮುಂದಿನ ತಿಂಗಳು ಮತ್ತೆ ಹಟ್ಟಿಗೆ ಹೋದೆವು. ಬುಧವಾರ. ಯಾವ ದೇವರಿಗೂ ಆಕ್ಷೇಪವಿಲ್ಲದ ದಿನವನ್ನು ಅವರೇ ಪಂಚಾಂಗ ನೋಡಿ ಗೊತ್ತು ಮಾಡಿದ್ದರು. ಅಜ್ಜಿಯ ಮೊಮ್ಮಗನ ಹೆಂಡತಿ, ಕಂಕುಳಲ್ಲಿ ಕೂಸಿದ್ದವಳು, ಬೆಳ್ಳುಳ್ಳಿ ಜಜ್ಜಿ ಹಾಕಿ ಕೆಂಪಗೆ ಎಸರು ಮಾಡಿದಳು. ಮುತ್ತುಗದ ಎಲೆಯ ಮುಂದೆ ಇವರು ಚಕ್ಕಳಮಕ್ಕಳ ಹಾಕಿ ಕುಳಿತರು. ಕೈಯಲ್ಲಿ ನೀರು ತೆಗೆದುಕೊಂಡು, ಮನೆಯಲ್ಲಿ ಮಾಡುವಂತೆಯೇ, ಎಲೆಯ ಸುತ್ತ ಬಿಟ್ಟರು. ಹಟ್ಟಿಯವರು ಅದನ್ನು ಅಣಬೆ ತಿನ್ನುವ ಕ್ರಮ ಎಂದು ತಿಳಿದಿರಬೇಕು. ಮುಂದೆ ಅವರೆಲ್ಲ ಅಣಬೆ ತಿನ್ನುವ ದಿನ ಎಲೆಯ ಸುತ್ತ ನೀರು ಬಿಡುತ್ತಿದ್ದರು.

ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ಬೆಳ್ಳುಳ್ಳಿಯೂ ಅವರ ಬಾಳಿನಲ್ಲಿ ಅಂದೇ ಮೊದಲು.

"ಹೆಂಗೈತೆ?" ಎಂದಳು ಅಜ್ಜಿ.

"ಖಾರ ಇದೆ."

"ಅದು ನಮ್ ಕಾರ ಕಣಪ್ಪ. ಅಣಬೆ ಹೆಂಗೈತೆ?"

ಬಹಳ ಹೊತ್ತು ಅಗಿದರು. "ಮೊದಲ ಮಳೆಗೆ ಹುಲ್ಲಿನ ಬಣವೆ ನೆಂದಾಗ ಒಂದು ವಾಸನೆ ಬರುತ್ತಲ್ಲಮ್ಮ. ಅದನ್ನ ಅಗಿಯೋ ಹಾಗಿದ್ರೆ ಹೀಗಿರುತ್ತೆ."

"ಕಾಗದದಾಗೆ ಬರ್ದಿರಾದಕ್ಕಿಂತ ಇದು ವಾಸಿ" ಎಂದು ಅಜ್ಜಿ ತನಗೊಂದು ಎಲೆ ಹಾಕಿಸಿಕೊಂಡಳು.

ಅಂದು ಸಂಜೆ ಮನೆಗೆ ಹೋಗಿ, ಚಪ್ಪಲಿ ಬಿಡುವುದಕ್ಕೂ ಮೊದಲೇ ಹೆಂಡತಿಗೆ ಹೇಳಿದರು. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳದೆ ಇರುವ ವಿದ್ಯೆ ಅವರಿಗೆ ಬರುತ್ತಿರಲಿಲ್ಲ, ನಲವತ್ತೈದು ದಾಟಿದ ಮೇಲೆ ಕಲಿಯಲೂ ಆಗಲಿಲ್ಲ. ಆಕೆ ಕೂಗಾಡಲಿಲ್ಲ, ಅಳಲಿಲ್ಲ. ಮರುದಿನ ಅವರ ತಟ್ಟೆ, ಲೋಟ, ಮಣೆ ಮೂರೂ ಜಗಲಿಗೆ ಬಂದವು. ಅಂದಿನಿಂದ ಅವರ ಊಟ ಅಲ್ಲಿ. ಆಕೆ ಹೊಸ್ತಿಲ ಒಳಗೆ ನಿಂತು, ಮುಟ್ಟಾಗದಂತೆ ಬಗ್ಗಿ ಬಡಿಸುತ್ತಿದ್ದರು. ಅನ್ನ ಬಿಸಿಯಾಗಿಯೇ ಇರುತ್ತಿತ್ತು. ತುಪ್ಪ ಒಂದು ದಿನವೂ ತಪ್ಪಲಿಲ್ಲ. ಮಾತು ಮಾತ್ರ ಇರಲಿಲ್ಲ.

ಅವರ ಮನೆಯ ಪುರೋಹಿತರು ಸಜ್ಜನರು. ಇದೇನು ಮಹಾ, ಪಂಚಗವ್ಯ ತೆಗೆದುಕೊ, ಒಂದು ಸಣ್ಣ ಹೋಮ, ಇನ್ನು ತಿನ್ನುವುದಿಲ್ಲವೆಂದು ದೇವರ ಮುಂದೆ ಒಂದು ಮಾತು. ಮಧ್ಯಾಹ್ನಕ್ಕೆ ಒಳಗೇ ಕೂತು ಊಟ ಮಾಡಬಹುದು ಎಂದರು. ನಾನೂ ಒತ್ತಾಯ ಮಾಡಿದೆ.

"ಆ ಒಂದು ಮಾತೇ ಕಷ್ಟ" ಎಂದರು. "ಒಂದು ಸಲ ಮಾತು ಕೊಟ್ಟು ಮುರಿದದ್ದಾಗಿದೆ. ಈಗ ಇನ್ನೊಂದು ಕೊಟ್ಟು, ಮುಂದಿನ ಬುಧವಾರ ಆ ಅಜ್ಜಿ ಎದುರು ಹೋಗಿ ಏನು ಹೇಳಲಿ?"

"ತಿಂತಾ ಇದೀನಿ ಅಂತ ಹೇಳಿ. ಅವಳು ನೋಡೋಕೆ ಬರ್ತಾಳಾ?"

ನನ್ನನ್ನು ಒಂದು ಸಲ ಮೂಸುವವರ ಹಾಗೆ ನೋಡಿದರು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೆ ತಿಂಗಳಿಗೊಂದು ಬುಧವಾರ ಅವರ ರಜಾ ಅರ್ಜಿ ನನ್ನ ಮೇಜಿಗೆ ಬರುತ್ತಿತ್ತು: "ಊಟದ ನಿಮಿತ್ತ ಒಂದು ದಿನದ ಸಾಂದರ್ಭಿಕ ರಜೆಯನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ." ಮ್ಯಾನೇಜರು ನಕ್ಕು ನಕ್ಕು ಸಾಕಾಗಿ, ಕಾರಣ ತಿದ್ದಿಕೊಡಲು ಹೇಳಿದರು. ಇವರು ತಿದ್ದಿದರು: "ಅಗತ್ಯ ಊಟದ ನಿಮಿತ್ತ." ಬಾಟಲಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಅಜ್ಜಿಯ ಎದುರು ಕುಳಿತು ಉಂಡು ಬರುತ್ತಿದ್ದರು. ಎರಡು ವರ್ಷದಲ್ಲಿ ಆ ಹಟ್ಟಿಯ ನಾಲ್ಕು ಮನೆಗಳಲ್ಲಿ ಕುರಿಮರಿಗಳ ಗೂಡಿನ ಪಕ್ಕ ಚೀಲಗಳು ನೇತಾಡುತ್ತಿದ್ದವು. ಕೂಸಿನ ತಾಯಿಯ ಮುಖಕ್ಕೆ ಕಳೆ ಬಂತು ಎಂದು ಬರೆದರೆ ವರದಿಯ ಭಾಷೆಯಾಗುತ್ತದೆ. ವಾರಕ್ಕೆ ಎರಡು ದಿನ ಮುದ್ದೆಯ ಜೊತೆ ಮೆಣಸಿನಕಾಯಿ ನೀರಲ್ಲದೆ ಬೇರೇನೋ ಇತ್ತು, ಅಷ್ಟೇ. ಅಷ್ಟಕ್ಕಾಗಿಯೇ ಅವರು ಜಗಲಿಯಲ್ಲಿ ಕುಳಿತಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಅವರನ್ನು ಪಾವಗಡಕ್ಕೆ ವರ್ಗ ಮಾಡಿದರು. ಅಲ್ಲಿ ಅವರ ಕೀರ್ತಿ ಮುಂಚೆಯೇ ಹೋಗಿ ಕಾದಿತ್ತು. ನಾನು ನೋಡಲು ಹೋದಾಗ ಬಸ್ ನಿಲ್ದಾಣದಲ್ಲಿ ಮನೆ ವಿಚಾರಿಸಿದೆ. "ಪುಟ್ಟಗೊಡುಗುಲ ಸಾರಾ? ಕೋಟೆ ಬೀದಿಲೋ ಹೋಗಿ ಅಡಗಂಡಿ. ಅರುಗು ಮೀದ ಕೂತು ಅನ್ನ ತಿಂತಾರಲ್ಲ, ಆಯನೇ" ಎಂದ ಸೋಡಾ ಅಂಗಡಿಯವನು. ತೆಲುಗರ ಬಾಯಲ್ಲಿ ಅಣಬೆ ಪುಟ್ಟಗೊಡುಗು, ಜಗಲಿ ಅರುಗು, ಕೇಳಿ ಎನ್ನುವುದು ಅಡಗಂಡಿ. ಸಂಗತಿ ಮಾತ್ರ ಬದಲಾಗಿರಲಿಲ್ಲ. ಅಲ್ಲಿಂದಲೂ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಹಟ್ಟಿಗೆ ಹೋಗಿ ಉಂಡು ಬರುತ್ತಿದ್ದರು.

ನಿವೃತ್ತಿಗೆ ಎರಡು ವರ್ಷವಿದ್ದಾಗ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಅಣಬೆ ತಿಂದದ್ದಕ್ಕೇ ಎಂದು ಬಂಧುಗಳು ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಬಂಧುಗಳು ಹನ್ನೊಂದು ಮಂದಿ, ಡಾಕ್ಟರು ಒಬ್ಬರೇ.

ಕೊನೆಯ ಸಲ ಹೋದಾಗ ಜಗಲಿಯ ಮೇಲೆ ಮಂಚ ಹಾಕಿ ಮಲಗಿಸಿದ್ದರು. ಹೊಸ್ತಿಲ ಒಳಗೆ ಆಕೆ ಕುಳಿತಿದ್ದರು, ಹೊರಗೆ ಇವರು. ನಡುವೆ ಗಂಜಿಯ ಚಮಚ ಹೋಗಿ ಬರುತ್ತಿತ್ತು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ಆಕೆ ಒಳಗೆ ಹೋದಾಗ ಅವರು ನನ್ನ ಕೈ ಹಿಡಿದರು. "ಹಟ್ಟೀಲಿ ಬಾಟ್ಲಿ ಮುಗಿದಿರುತ್ತೆ. ನೀವು ತಗೊಂಡು ಹೋಗಿ ಕೊಡಿ. ಕಾಯಿಲೆ ಅಂತ ಹೇಳಬೇಡಿ, ಅಣಬೆಯಿಂದಲೇ ಅಂದುಕೊಂಡಾರು. ರಜೆ ಸಿಗಲಿಲ್ಲ ಅಂತ ಹೇಳಿ." ಅವರು ನನಗೆ ಹೇಳಿಕೊಟ್ಟ ಒಂದೇ ಒಂದು ಸುಳ್ಳು ಅದು. ಅದನ್ನು ಹೇಳುವ ಅವಕಾಶ ನನಗೆ ಬರಲಿಲ್ಲ. ನಾಲ್ಕು ದಿನಕ್ಕೆ ತೀರಿಕೊಂಡರು.

ತಮ್ಮನ ಮಗ ಬಂದು ಕ್ರಿಯೆಗೆ ನಿಂತ. ಶುದ್ಧಿಯಾಗದೆ ಅಗ್ನಿ ಕೊಡುವಂತಿಲ್ಲ ಎಂದು ಆ ಊರಿನ ಪುರೋಹಿತರು ಹೇಳಿದ್ದರಿಂದ, ಮೊದಲು ಅವರ ಹೆಸರಿನಲ್ಲಿ ಪ್ರಾಯಶ್ಚಿತ್ತ ಮಾಡಿಸಿದರು. ತಿನ್ನಬಾರದ್ದನ್ನು ತಿಂದ ದೋಷವೆಲ್ಲ ಅರ್ಧ ಗಂಟೆಯಲ್ಲಿ ಪರಿಹಾರವಾಯಿತು. ಅಷ್ಟು ವರ್ಷ ಒಪ್ಪದೆ ಹಟ ಹಿಡಿದಿದ್ದ ಮನುಷ್ಯ ಅಂದು ಚಕಾರ ಎತ್ತಲಿಲ್ಲ. ಆಮೇಲೆ ಅವರನ್ನು ಒಳಗೆ ತೆಗೆದುಕೊಂಡು ಹೋಗಿ ನಡುಮನೆಯಲ್ಲಿ ಮಲಗಿಸಿದರು. ಆಕೆ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು.

ಎಲ್ಲ ಮುಗಿದು ನಾನು ಹೊರಟಾಗ ಆಕೆ ಬಾಗಿಲ ಸಂದಿಯಿಂದ ಕೇಳಿದರು: "ಅಲ್ಲಿ ಅವ್ರು ಹೊಟ್ಟೆ ತುಂಬ ಊಟ ಮಾಡ್ತಿದ್ರಾ?"

"ಮಾಡ್ತಿದ್ರು ತಾಯಿ" ಎಂದೆ.

"ನಂಗದೊಂದು ತಿಳೀಬೇಕಾಗಿತ್ತು" ಎಂದರು.

ಹದಿನೈದು ದಿನ ಬಿಟ್ಟು ಎರಡು ಬಾಟಲಿ ಬೀಜ ತರಿಸಿಕೊಂಡು ಹಟ್ಟಿಗೆ ಹೋದೆ. ಸಾವನ್ನು ಮುಚ್ಚಿಡುವಂತಿರಲಿಲ್ಲ, ಹೇಳಿದೆ. ಕಾಯಿಲೆಗೂ ಅಣಬೆಗೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಕದಿರನ್ನು ನೆಲಕ್ಕೆ ಇಟ್ಟಳು.

"ಸಾಯಾದಕ್ಕೆ ಅಣಬೆ ಯಾಕ್ ಬೇಕು ಬುಡಪ್ಪ. ಗೇದು ಗೇದು ಸತ್ತವ್ನೆ." ಸೆರಗಿನಿಂದ ಮುಖ ಒರೆಸಿಕೊಂಡಳು. ಮೊಮ್ಮಗನ ಹೆಂಡತಿಯನ್ನು ಕರೆದಳು. "ಕೇಳ್ದಾ ಕಣಮ್ಮಿ? ಮಕ್ಕಳಿಲ್ದೋನು. ಇರೇರ ಹಬ್ಬದಾಗೆ ನಮ್ಮೋರ ಜತೇಲೇ ಅವನಿಗೂ ಒಂದು ಎಡೆ ಇಕ್ಕಿ. ಅಣಬೆ ಎಸರೇ ಮಾಡಿ ಇಕ್ಬೇಕು. ನಾನು ಸತ್ರೂ ತಪ್ಪಿಸ್ಬ್ಯಾಡ್ರಿ. ಅವನು ಉಂಡಿದ್ದು ನಮ್ಮಟ್ಟೀಲಿ ಅದೊಂದೇಯ."

ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಪ್ರತಿವರ್ಷ ಇಡುವ ಎಡೆಗೆ ಸೇರಿದ ಪದಾರ್ಥ ಆ ಹಟ್ಟಿಗಳಿಂದ ಮತ್ತೆ ಹೋಗುವುದಿಲ್ಲ. ಮಗನಿಂದ ಮಗನಿಗೆ ನಡೆಯುತ್ತದೆ. ಸೊಸೆಯರು ತವರಿಗೂ ಒಯ್ಯುತ್ತಾರೆ. ಕರಪತ್ರ, ಪ್ರಾತ್ಯಕ್ಷಿಕೆ, ಸೈಕಲ್ಲು, ಜಗಲಿ ಯಾವುದೂ ಮಾಡಲಾಗದ ಕೆಲಸವನ್ನು ಆ ಮುದುಕಿ ಒಂದು ಮಾತಿನಲ್ಲಿ ಮಾಡಿದ್ದಳು. ನಾನು ಅಲ್ಲಿಗೆ ಎದ್ದು ಬರಬೇಕಾಗಿತ್ತು. ಆದರೆ ನಾನು ಗುಮಾಸ್ತ. ಅವರ ಕೊನೆ ಹೇಗಾಯಿತು, ಕಷ್ಟ ಪಟ್ಟರಾ ಎಂದು ಅಜ್ಜಿ ಕೇಳಿದಾಗ, ಅವಳಿಗೆ ಸಮಾಧಾನವಾಗಲಿ ಎಂದು ಎಲ್ಲವನ್ನೂ ಕ್ರಮವಾಗಿ ನಿವೇದಿಸಿದೆ: ಕ್ರಿಯೆ ಚೆನ್ನಾಗಿ ಆಯಿತು, ಮೊದಲು ಪ್ರಾಯಶ್ಚಿತ್ತ ಮಾಡಿಸಿದರು, ಆಮೇಲೆ ಮನೆಯೊಳಗೆ ತೆಗೆದುಕೊಂಡರು.

"ಪರಾಸ್ಚಿತ್ತ ಯಾತಕ್ಕೆ?"

ಹೇಳಿದೆ. ಜಗಲಿಯ ವಿಷಯವನ್ನೂ ಹೇಳಿದೆ. ಅಲ್ಲಿಯವರೆಗೆ ಹಟ್ಟಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಅಜ್ಜಿ ನನ್ನ ದನಿಯ ಕಡೆಗೆ ತಿರುಗಿದಳು. "ಇಲ್ಲಿ ಉಂಡಿದ್ದಕ್ಕೆ ಅವನ್ನ ಆಚೆ ಕುಂಡ್ರಿಸಿದ್ರಾ? ಇಷ್ಟು ವರ್ಸ?"

"ಹೌದಜ್ಜಿ."

"ಬಾಯ್ಬುಡಲಿಲ್ವಲ್ಲಾ ಮಾರಾಯ." ನೆಲದ ಮೇಲೆ ಕದಿರಿಗಾಗಿ ತಡಕಾಡಿದಳು. "ಈಗ ಒಳಕ್ಕೆ ಸೇರ್ಸ್ಕಂಡವ್ರೆ?"

"ಸೇರಿಸ್ಕೊಂಡಿದ್ದಾರೆ."

"ಅಂಗಾರೆ ಎಡೆ ಬ್ಯಾಡ" ಎಂದಳು. "ಅಣಬೆ ಇಕ್ಕಬ್ಯಾಡ್ರಿ. ತೊಳೆದು ಒಳಕ್ಕೆ ಕರ್ಕಂಡವ್ರೆ. ನಾವು ಇಕ್ಕಿದ್ರೆ ಮತ್ತೆ ಆಚಿಕಾಗ್ತಾನೆ."

"ಪ್ರಾಯಶ್ಚಿತ್ತ ಅವರು ಮಾಡಿಕೊಂಡದ್ದಲ್ಲ ಅಜ್ಜಿ, ಸತ್ತ ಮೇಲೆ ಬೇರೆಯವರು ಮಾಡಿಸಿದ್ದು. ಅವರು ಕೊನೆಯವರೆಗೂ ಬಿಡಲಿಲ್ಲ."

"ಯಾರ್ ಮಾಡಿಸಿದ್ರೇನಪ್ಪ, ತೊಳೆದಿದ್ದು ತೊಳೆದಂಗೇ ಅಲ್ವಾ?"

"ಎಡೆ ಬೇಡ, ಹೋಗಲಿ. ನೀವು ತಿನ್ನೋಕೇನು? ಬೀಜ ತಂದಿದೀನಿ. ತಿಂಗಳಿಗೊಮ್ಮೆ ನಾನೇ ತಂದು ಕೊಡ್ತೀನಿ."

"ಅವನನ್ನ ಜಗಲಿ ಮ್ಯಾಲೆ ಕುಂಡ್ರಿಸಿದ್ದನ್ನ ನಾವೆಂಗಪ್ಪ ಉಣ್ಣಾದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೂಸಿನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಕೂಸು ಬೆಳೆದು ಅವಳ ಎದೆಯವರೆಗೆ ಬಂದಿತ್ತು. ಅವಳು ಅಜ್ಜಿಯ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಬಾಟಲಿಗಳನ್ನು ನೋಡಿದಳು, ಒಳಗೆ ಹೋದಳು.

ನಾಲ್ಕು ಮನೆಯವರೂ ಚೀಲಗಳನ್ನು ಅಂದು ಸಂಜೆಯೇ ಇಳಿಸಿದರು. ನನ್ನ ಎರಡು ಬಾಟಲಿಗಳು ಮಧುಗಿರಿಗೆ ವಾಪಸು ಬಂದು, ಆಫೀಸಿನ ಕಪಾಟಿನಲ್ಲಿ ಹಸಿರು ಬೂಷ್ಟು ಹಿಡಿದವು. ಆ ಹಟ್ಟಿಯಲ್ಲಿ ಆಮೇಲೆ ಯಾರೂ ಅಣಬೆ ಬೆಳೆಯಲಿಲ್ಲ.